ಪರರಾಷ್ಟ್ರದ ಸರ್ವಾಧಿಕಾರಿಯೂ ಶಸ್ತ್ರಪ್ರಯೋಗದ ನ್ಯಾಯವೂ

ಒಂದು ದೇಶದ ಪ್ರಜೆಗಳನ್ನು ಅದರ ಆಳರಸನೇ ಕೊಲ್ಲತೊಡಗಿದಾಗ ಇನ್ನೊಂದು ದೇಶವು ಸೈನ್ಯ ಕಳುಹಿಸಿ ಅವನನ್ನು ಪದಚ್ಯುತಗೊಳಿಸಬಹುದೇ? ಈ ಪ್ರಶ್ನೆಯನ್ನು ಪ್ರಚಾರದ ಮಾತಾಗಿಸದೆ ನೀತಿಯ ಪ್ರಶ್ನೆಯಾಗಿಯೇ ಎತ್ತಿಕೊಂಡ ಗ್ರಂಥಗಳಲ್ಲಿ ಅಮೆರಿಕದ ರಾಜನೀತಿ ಚಿಂತಕ ಮೈಕೇಲ್ ವಾಲ್ಜರ್ ಅವರ ‘ಜಸ್ಟ್ ಅಂಡ್ ಅನ್‌ಜಸ್ಟ್ ವಾರ್ಸ್’ ಮುಖ್ಯವಾದುದು. 1977ರಲ್ಲಿ ಪ್ರಕಟವಾದ ಈ ಗ್ರಂಥ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದವರ ನಡುವಿನಿಂದ ಹುಟ್ಟಿಬಂದಿತು. ಆದರೂ ಗ್ರಂಥಕರ್ತರು ಎಲ್ಲ ಯುದ್ಧಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರಲ್ಲ. ಯುದ್ಧದಲ್ಲಿ ನೀತಿಗೆ ಸ್ಥಾನವೇ ಇಲ್ಲವೆನ್ನುವವರನ್ನೂ ಶಸ್ತ್ರ ಹಿಡಿದವರೆಲ್ಲರೂ ಸಮಾನ ಅಪರಾಧಿಗಳೆನ್ನುವವರನ್ನೂ ಅವರು ಒಪ್ಪುವುದಿಲ್ಲ. 1990ರ ನಂತರ ಕುವೈತ್, ಕೊಸೊವೊ, ಇರಾಕ್, ಲಿಬಿಯಾ ಎಂದು ಒಂದರ ಹಿಂದೊಂದು ಪ್ರಕರಣ ಬಂದಂತೆಲ್ಲ ಪಂಡಿತರೂ ಮಂತ್ರಿಗಳೂ ಸೇನಾಧಿಕಾರಿಗಳೂ ಈ ಗ್ರಂಥದ ಪುಟಗಳನ್ನೇ ತಿರುವಿಹಾಕಿದರು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಗಳಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಯುದ್ಧವೆಂದರೆ ಹಿಂಸೆ, ಹಿಂಸೆ ತ್ಯಾಜ್ಯ, ಮಾತು ಮುಗಿಯಿತು ಎಂಬುದು ಒಂದು. ಗೃಹಸ್ಥನಿಗೆ ವಿರೋಧಿ ಹಿಂಸೆ ಅನಿವಾರ್ಯ, ಆದ್ದರಿಂದ ದುಷ್ಟನಿಗ್ರಹ ಮಾಡುವ ರಾಜ್ಯಕ್ಕೆ ದೋಷವಿಲ್ಲ ಎಂಬುದು ಇನ್ನೊಂದು. ಎರಡೂ ಅವಸರದ ಉತ್ತರಗಳು. ಮೊದಲನೆಯದು ಸಾಯುತ್ತಿರುವವನ ಮುಖ ನೋಡುವುದಿಲ್ಲ. ಎರಡನೆಯದು, ತನ್ನ ಮನೆಯ ಬಾಗಿಲಿಗೆ ಬಂದ ಆಕ್ರಮಣಕಾರನನ್ನು ತಡೆಯುವುದಕ್ಕೂ ಸಾವಿರಾರು ಮೈಲಿಗಳಾಚೆಯ ಅರಸನನ್ನು ಹುಡುಕಿಕೊಂಡು ಹೋಗುವುದಕ್ಕೂ ನಡುವಿನ ಅಂತರವನ್ನು ಒಂದೇ ಶಬ್ದದಿಂದ ಮುಚ್ಚಿಬಿಡುತ್ತದೆ. ವಾಲ್ಜರ್ ಅವರ ವಿವೇಚನೆಯನ್ನು ಸಮೀಪದಿಂದ ಓದಿದರೆ ಈ ಅಂತರದ ಅಳತೆ ಸಿಗುತ್ತದೆ. ಆ ವಿವೇಚನೆ ಎಲ್ಲಿ ಸಾಲದಾಗುತ್ತದೆಂಬುದೂ ತಿಳಿಯುತ್ತದೆ.

ವಾಲ್ಜರ್ ತಮ್ಮ ವಾದವನ್ನು ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ 1859ರಲ್ಲಿ ಬರೆದ ಒಂದು ಪ್ರಬಂಧದಿಂದ ಆರಂಭಿಸುತ್ತಾರೆ. ಒಂದು ಜನಾಂಗದ ಸ್ವಾತಂತ್ರ್ಯವನ್ನು ಆ ಜನಾಂಗವೇ ಗಳಿಸಿಕೊಳ್ಳಬೇಕು, ಹೊರಗಿನ ಸೈನ್ಯ ತಂದು ಕೊಟ್ಟ ಸ್ವಾತಂತ್ರ್ಯ ನಿಲ್ಲುವುದಿಲ್ಲ ಎಂಬುದು ಮಿಲ್ಲರ ನಿಲುವು. ವಾಲ್ಜರ್ ಇದನ್ನು ಬಹುಮಟ್ಟಿಗೆ ಅಂಗೀಕರಿಸುತ್ತಾರೆ. ಅವರ ದೃಷ್ಟಿಯಲ್ಲಿ ಒಬ್ಬ ಅರಸ ಸರ್ವಾಧಿಕಾರಿಯಾಗಿರುವುದು, ಚುನಾವಣೆ ನಡೆಸದಿರುವುದು, ವಿರೋಧಿಗಳನ್ನು ಸೆರೆಯಲ್ಲಿಡುವುದು, ಇವುಗಳಲ್ಲಿ ಯಾವುದೂ ನೆರೆಯವನ ಸೈನ್ಯಕ್ಕೆ ದಾರಿ ತೆರೆಯುವುದಿಲ್ಲ. ಅವರು ಒಪ್ಪುವ ಅಪವಾದಗಳು ಕೆಲವೇ. ಅವುಗಳಲ್ಲಿ ಮಾನವಕುಲದ ಅಂತಃಸಾಕ್ಷಿಯನ್ನೇ ನಡುಗಿಸುವಂತಹ ಸಾಮೂಹಿಕ ವಧೆ ನಡೆಯುತ್ತಿರುವಾಗ ಅದನ್ನು ನಿಲ್ಲಿಸಲು ಹೋಗುವುದು ಒಂದು.

ಮಿಲ್ಲರ ಪ್ರಬಂಧವನ್ನು ಓದುವ ಭಾರತೀಯನಿಗೆ ಒಂದು ಮಾತು ಚುಚ್ಚದೆ ಇರುವುದಿಲ್ಲ. ಹಸ್ತಕ್ಷೇಪ ಕೂಡದೆಂಬ ನಿಯಮ ‘ನಾಗರಿಕ’ ರಾಷ್ಟ್ರಗಳ ನಡುವಿನದು, ‘ಅನಾಗರಿಕ’ರ ವಿಷಯದಲ್ಲಿ ಅದು ಸಲ್ಲದು ಎಂದು ಆ ಪ್ರಬಂಧವೇ ಹೇಳುತ್ತದೆ. ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿದ್ದವರು. ಆ ಅವಧಿಯ ನಡುವೆಯೇ, 1834ರಲ್ಲಿ, ಕಂಪನಿಯು ತನ್ನ ಪ್ರಜೆಗಳಿಗೆ ಕ್ರೂರಿಯಾಗಿದ್ದ ಅರಸನೊಬ್ಬನನ್ನು ಸೈನ್ಯಬಲದಿಂದ ತೆಗೆದುಹಾಕಿತು. ಆ ಅರಸ ಕೊಡಗಿನ ಚಿಕ್ಕವೀರರಾಜ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದ ಕನ್ನಡಿಗರಿಗೆ ಈ ಕಥೆಯ ಇಕ್ಕಟ್ಟು ಪರಿಚಿತ. ಅರಸನ ಕ್ರೌರ್ಯ ಕಂಪನಿ ಕಟ್ಟಿದ ಕಥೆ ಮಾತ್ರವಲ್ಲ, ಅವನಿಂದ ನೊಂದವರು ಅವನ ಬಂಧುವರ್ಗದಲ್ಲೇ ಇದ್ದರು. ಏಪ್ರಿಲ್‌ನಲ್ಲಿ ಸೈನ್ಯ ಮಡಿಕೇರಿ ಸೇರಿತು, ಮೇ ತಿಂಗಳಲ್ಲಿ ಕೊಡಗು ಕಂಪನಿಯ ರಾಜ್ಯಕ್ಕೆ ಸೇರಿತು. ಪ್ರಜೆಗಳ ಇಚ್ಛೆಯೇ ಹೀಗಿದೆಯೆಂದು ಘೋಷಿಸಲಾಯಿತು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರ ಸುಳ್ಯದ ರೈತರು ದಂಗೆಯೆದ್ದರು. ಕಂದಾಯವನ್ನು ಧಾನ್ಯದ ಬದಲು ನಗದಾಗಿ ಕಟ್ಟಬೇಕೆಂಬ ಹೊಸ ಆಜ್ಞೆ ಅದರ ಕಾರಣಗಳಲ್ಲಿ ಒಂದು. ಅರಸನನ್ನು ಇಳಿಸಲು ಬಂದವರು ಹಿಂದಿರುಗಿದ್ದು 113 ವರ್ಷಗಳ ನಂತರ.

ವಾಲ್ಜರ್ ಕೊಡಗಿನ ಪ್ರಕರಣವನ್ನು ಚರ್ಚಿಸುವುದಿಲ್ಲ. ಅವರು ಎತ್ತಿಕೊಳ್ಳುವುದು ಇದೇ ಬಗೆಯ ಕ್ಯೂಬಾದ ಪ್ರಕರಣವನ್ನು. ಸ್ಪೇನಿನ ದಬ್ಬಾಳಿಕೆಯಿಂದ ಕ್ಯೂಬಾವನ್ನು ಬಿಡಿಸುವೆನೆಂದು 1898ರಲ್ಲಿ ಹೋದ ಅಮೆರಿಕ ಅಲ್ಲಿನ ಆಡಳಿತದ ಮೇಲೆ ತನ್ನ ಹಿಡಿತವನ್ನು ಊರಿತು. ದಬ್ಬಾಳಿಕೆಯ ವರದಿ ನಿಜವಾಗಿದ್ದರೂ ಬಿಡಿಸಲು ಬಂದವನ ಉದ್ದೇಶ ಬೇರೆಯಾಗಿರಬಹುದೆಂಬುದಕ್ಕೆ ಅವರು ಇದನ್ನು ನಿದರ್ಶನವಾಗಿ ಕೊಡುತ್ತಾರೆ. ಇದಕ್ಕಿಂತ ಉತ್ತಮ ನಿದರ್ಶನವೆಂದು ಅವರು ಆರಿಸಿಕೊಳ್ಳುವುದು ಭಾರತವನ್ನು, 1971ರ ಬಾಂಗ್ಲಾದೇಶವನ್ನು.

ಈ ಆಯ್ಕೆ ಭಾರತೀಯ ಓದುಗನಿಗೆ ಹಿತವೆನಿಸುವುದು ಸಹಜ. ಆದರೆ ವಾಲ್ಜರ್ ಹೊಗಳುವುದು ಭಾರತದ ಹೃದಯಶುದ್ಧಿಯನ್ನಲ್ಲ. ಸರ್ಕಾರದ ಉದ್ದೇಶಗಳು ಹಲವಾಗಿದ್ದವು. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಯಾಹ್ಯಾ ಖಾನರ ಸೈನ್ಯ ಆರಂಭಿಸಿದ ವಧೆಯಿಂದ ಓಡಿಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ಭಾರ ಭಾರತದ ಮೇಲಿತ್ತು. ಬದ್ಧವೈರಿಯನ್ನು ಇಬ್ಭಾಗ ಮಾಡುವ ಅವಕಾಶವೂ ಇತ್ತು. ಇವೆಲ್ಲವೂ ಸೇರಿ ಬಂಗಾಳಿಗಳೇ ಬೇಡುತ್ತಿದ್ದ ಒಂದು ಕಾರ್ಯದಲ್ಲಿ ಕೂಡಿಕೊಂಡವು ಎಂಬುದೇ ಅವರ ಮಾತಿನ ಸಾರ. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ಭಾರತದ ನೆಲೆಗಳ ಮೇಲೆ ದಾಳಿ ಮಾಡಿದವು, 16ರಂದು ಢಾಕಾದಲ್ಲಿ ಶರಣಾಗತಿ ನಡೆಯಿತು, 1972ರ ಮಾರ್ಚ್ ವೇಳೆಗೆ ಭಾರತೀಯ ಸೈನ್ಯ ಹಿಂದಿರುಗಿತು. ಹೊಸ ದೇಶದ ಮೇಲೆ ಯಾವ ಹತೋಟಿಯನ್ನೂ ಹೇರದೆ ಬೇಗ ಹೋಗಿ ಬೇಗ ಹಿಂದಿರುಗಿದ್ದನ್ನು ವಾಲ್ಜರ್ ವಿಶೇಷವಾಗಿ ಗುರುತಿಸುತ್ತಾರೆ. ಅಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ರಾಷ್ಟ್ರಗಳು ಕದನವಿರಾಮಕ್ಕೆ ಮತ ನೀಡಿದವು, ವಿರೋಧಿಸಿದವು 11 ಮಾತ್ರ. ಬಹುಮತ ಹಾಗಿತ್ತೆಂಬ ಕಾರಣಕ್ಕೆ ಅದನ್ನು ನ್ಯಾಯವೆಂದು ಅವರು ಎಣಿಸುವುದಿಲ್ಲ.

ಇಲ್ಲಿಂದ ದೊರೆಯುವ ಅಳತೆಗೋಲು ಸ್ಪಷ್ಟವಾಗಿದೆ. ಅರಸ ಎಷ್ಟು ದುಷ್ಟ ಎಂಬುದಲ್ಲ, ವಧೆ ಈಗ ನಡೆಯುತ್ತಿದೆಯೇ, ಶಸ್ತ್ರವಿಲ್ಲದೆ ಅದನ್ನು ತಡೆಯಬಹುದೇ, ಸೈನ್ಯ ಹೋದರೆ ಅದು ನಿಲ್ಲುವುದೇ ಎಂಬುದೇ ಪ್ರಶ್ನೆ. ರಕ್ಷಣೆಗೂ ದಂಡನೆಗೂ ನಡುವೆ ಎಳೆದ ಗೆರೆ ಇದು. ಮುಳುಗುತ್ತಿರುವವನನ್ನು ಮೇಲೆತ್ತಲು ನೀರಿಗೆ ಹಾರುವುದು ರಕ್ಷಣೆ. ಮುಳುಗಿಸಿದವನನ್ನು ಹದಿನೈದು ವರ್ಷಗಳ ಮೇಲೆ ಹುಡುಕಿಕೊಂಡು ಹೋಗಿ, ಅವನ ಮನೆಯಲ್ಲಿರುವವರೆಲ್ಲರ ಸಮೇತ ಸುಡುವುದು ಬೇರೆ ಕಾರ್ಯ.

ಹದಿನೈದು ವರ್ಷಗಳೆಂಬ ಲೆಕ್ಕ ಸುಮ್ಮನೆ ಬಂದುದಲ್ಲ. ಇರಾಕಿನ ಸದ್ದಾಂ ಹುಸೇನ್ 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಕುರ್ದರ ಮೇಲೆ ವಿಷಾನಿಲ ಪ್ರಯೋಗಿಸಿದಾಗ ಸತ್ತವರು ಐದು ಸಾವಿರದಷ್ಟು ಎಂದು ಅಂದಾಜು. ಅದೇ ವರ್ಷ ‘ಅನ್ಫಾಲ್’ ಎಂಬ ಹೆಸರಿನಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಕನಿಷ್ಠ 50,000 ಕುರ್ದರು ಹತರಾದರು, ಆ ಸಂಖ್ಯೆ ಒಂದು ಲಕ್ಷದವರೆಗೂ ಇರಬಹುದು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಲೆಕ್ಕ ಹಾಕಿದೆ. ಆಗ ಯಾವ ಸೈನ್ಯವೂ ಅಲುಗಲಿಲ್ಲ. 1991ರ ಮಾರ್ಚ್‌ನಲ್ಲಿ, ಕುವೈತಿನ ಯುದ್ಧ ಮುಗಿದೊಡನೆ, ದಕ್ಷಿಣದ ಶಿಯಾಗಳೂ ಉತ್ತರದ ಕುರ್ದರೂ ಬಂಡೆದ್ದರು. ಏಳಿರೆಂದು ಕರೆ ಕೊಟ್ಟವರು ಅಮೆರಿಕದ ಅಧ್ಯಕ್ಷರೇ. ಅವರ ಸೈನ್ಯ ಪಕ್ಕದಲ್ಲೇ ನಿಂತಿರುವಾಗ ಆ ಬಂಡಾಯವನ್ನು ತುಳಿದುಹಾಕಲಾಯಿತು. ವಾಲ್ಜರ್ ಅವರ ಅಳತೆಯಂತೆ ರಕ್ಷಣೆಗೆ ಕಾರಣವಿದ್ದ ಎರಡು ಕಾಲಗಳು ಇವು. ಯುದ್ಧ ಬಂದುದು 2003ರ ಮಾರ್ಚ್ 20ರಂದು, ಅಂತಹ ಸಾಮೂಹಿಕ ವಧೆ ನಡೆಯದಿದ್ದ ಕಾಲದಲ್ಲಿ, ಸಿಕ್ಕದೇ ಹೋದ ಮಹಾಸಂಹಾರಕ ಅಸ್ತ್ರಗಳ ಹೆಸರಿನಲ್ಲಿ. ಅಸ್ತ್ರಗಳು ಸಿಕ್ಕದಿದ್ದಾಗ ಕ್ರೂರಿಯಿಂದ ಜನರನ್ನು ಬಿಡಿಸಿದೆವೆಂಬ ಸಮರ್ಥನೆ ಮುಂದೆ ಬಂದಿತು. 2004ರಲ್ಲಿ ಅದೇ ಹ್ಯೂಮನ್ ರೈಟ್ಸ್ ವಾಚ್‌ನ ಮುಖ್ಯಸ್ಥ ಕೆನೆತ್ ರಾತ್, ಅನ್ಫಾಲ್‌ನ ಕಾಲದಲ್ಲಾಗಿದ್ದರೆ ಹಸ್ತಕ್ಷೇಪಕ್ಕೆ ಸಮರ್ಥನೆಯಿರುತ್ತಿತ್ತು, 2003ರಲ್ಲಿ ಇರಲಿಲ್ಲ ಎಂದು ಬರೆದರು. ಸದ್ದಾಂನ ಕ್ರೌರ್ಯವನ್ನು ಸಾಕ್ಷ್ಯಸಹಿತ ದಾಖಲಿಸಿದ ಸಂಸ್ಥೆಯೇ ಹೀಗೆ ಹೇಳಿದುದು ಗಮನಾರ್ಹ. ವಾಲ್ಜರ್ ಕೂಡ ಆ ಯುದ್ಧವನ್ನು ವಿರೋಧಿಸಿದರು. ಬ್ರಿಟನ್ನಿನ ಚಿಲ್ಕಾಟ್ ವಿಚಾರಣಾ ಸಮಿತಿ 2016ರಲ್ಲಿ, ಶಾಂತಿಯುತ ಮಾರ್ಗಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತು ಎಂಬ ನಿರ್ಣಯಕ್ಕೆ ಬಂದಿತು.

ಇಲ್ಲಿಯವರೆಗೆ ವಾಲ್ಜರ್ ಅವರ ವಿವೇಚನೆ ದೃಢವಾಗಿದೆ. ಅದರ ಕೊರತೆ ಬೇರೆಡೆ ಇದೆ. ಸೈನ್ಯ ಗಡಿ ದಾಟುವ ದಿನ ಅವರ ಲೆಕ್ಕದ ಪುಸ್ತಕ ತೆರೆಯುತ್ತದೆ. ಸರ್ವಾಧಿಕಾರಿ ಒಂದು ಪ್ರಾಕೃತಿಕ ವಿಕೋಪದಂತೆ, ಪ್ರವಾಹವೋ ಭೂಕಂಪವೋ ಎಂಬಂತೆ, ಅಲ್ಲಿ ಕಾಣಿಸಿಕೊಳ್ಳುತ್ತಾನೆ. ಹೊರಗಿನವರು ಏನು ಮಾಡಬೇಕೆಂಬ ಪ್ರಶ್ನೆ ಆಮೇಲೆ ಏಳುತ್ತದೆ. ಆದರೆ ಅವನ ಕೈಗೆ ಕತ್ತಿ ಬಂದುದು ಎಲ್ಲಿಂದ?

ಶ್ರಾವಕಾಚಾರದ ಗ್ರಂಥಗಳಲ್ಲಿ ಈ ಪ್ರಶ್ನೆಗೆ ನಿಶ್ಚಿತ ಸ್ಥಾನವಿದೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಅನರ್ಥದಂಡಗಳನ್ನು ಐದೆಂದು ಎಣಿಸುತ್ತದೆ. ಅವುಗಳಲ್ಲಿ ಒಂದು ಹಿಂಸಾದಾನ, ಎಂದರೆ ಆಯುಧ, ವಿಷ, ಬೆಂಕಿಗಳಂತಹ ವಧೆಯ ಸಾಧನಗಳನ್ನು ಪರರ ಕೈಗೆ ಒದಗಿಸುವುದು. ಕೊಂದವನು ಬೇರೆ, ಒದಗಿಸಿದವನು ಬೇರೆ, ಆದರೂ ಒದಗಿಸಿದ್ದು ದೋಷವೇ. ಕೃತ, ಕಾರಿತ, ಅನುಮೋದನ ಎಂಬ ತ್ರಿವಿಧ ವಿಭಾಗವೂ ಇದೇ ದಿಕ್ಕಿನದು. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಈ ಮೂರರಲ್ಲೂ ಕರ್ಮಬಂಧ ಉಂಟು. ಬೆಳಗಿನ ಸ್ವಾಧ್ಯಾಯದಲ್ಲಿ ಓದಿ ಮುಚ್ಚಿಡುವ ಈ ಮಾತುಗಳು ರಾಷ್ಟ್ರಗಳ ವ್ಯವಹಾರಕ್ಕೆ ಎಷ್ಟು ನೇರವಾಗಿ ಅನ್ವಯಿಸುತ್ತವೆಂಬುದನ್ನು ಇರಾಕ್ ತೋರಿಸುತ್ತದೆ.

1982ರಲ್ಲಿ ಅಮೆರಿಕವು ಇರಾಕನ್ನು ಭಯೋತ್ಪಾದನೆಗೆ ಬೆಂಬಲ ನೀಡುವ ರಾಷ್ಟ್ರಗಳ ಪಟ್ಟಿಯಿಂದ ತೆಗೆಯಿತು. 1983ರ ಡಿಸೆಂಬರ್‌ನಲ್ಲಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅಧ್ಯಕ್ಷರ ದೂತರಾಗಿ ಬಾಗ್ದಾದಿಗೆ ಹೋಗಿ ಸದ್ದಾಂನ ಕೈ ಕುಲುಕಿದರು. ಇಪ್ಪತ್ತು ವರ್ಷಗಳ ನಂತರ ಅದೇ ಸದ್ದಾಂನ ಮೇಲೆ ಸೈನ್ಯ ನಡೆಸಿದ ರಕ್ಷಣಾ ಸಚಿವರೂ ಅವರೇ. 1984ರಲ್ಲಿ ರಾಜತಾಂತ್ರಿಕ ಸಂಬಂಧಗಳು ಪುನರಾರಂಭವಾದವು. ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ಇರಾಕಿಗೆ ಶಸ್ತ್ರಗಳನ್ನು ಮಾರಿದ ಪ್ರಮುಖ ದೇಶಗಳು. ವಿಷಾನಿಲ ತಯಾರಿಕೆಗೆ ಬೇಕಾದ ರಾಸಾಯನಿಕವನ್ನು ಸಾವಿರಾರು ಟನ್ನುಗಳ ಲೆಕ್ಕದಲ್ಲಿ ಒದಗಿಸಿದ ಡಚ್ ವ್ಯಾಪಾರಿಯೊಬ್ಬನಿಗೆ 2005ರಲ್ಲಿ ಹೇಗ್ ನಗರದ ನ್ಯಾಯಾಲಯ ಯುದ್ಧಾಪರಾಧದಲ್ಲಿ ಸಹಭಾಗಿಯೆಂದು 15 ವರ್ಷಗಳ ಸೆರೆವಾಸ ವಿಧಿಸಿತು. ತಾನು ಮಾರಿದ್ದು ಸರಕು ಮಾತ್ರ ಎಂಬ ಸಮಾಧಾನ ಅವನ ನೆರವಿಗೆ ಬರಲಿಲ್ಲ. ವ್ಯಾಪಾರವೇ ಕುಲವೃತ್ತಿಯಾದ ಸಮಾಜವು ಈ ತೀರ್ಪನ್ನು ಒಮ್ಮೆಗಿಂತ ಹೆಚ್ಚು ಸಲ ಓದಬೇಕು. ವ್ಯಾಪಾರಿಗೆ ಸೆರೆಮನೆಯಾಯಿತು. ಸಾಲ ಕೊಟ್ಟ, ಪರವಾನಗಿ ಕೊಟ್ಟ, ಸುಮ್ಮನಿದ್ದ ಸರ್ಕಾರಗಳು ಯಾವ ನ್ಯಾಯಾಸನದ ಮುಂದೆಯೂ ನಿಲ್ಲಲಿಲ್ಲ.

ವಾಲ್ಜರ್ ಉತ್ತಮವೆಂದು ಎತ್ತಿ ಹಿಡಿಯುವ 1971ರ ಪ್ರಕರಣದಲ್ಲೂ ಇದೇ ಕಥೆಯಿದೆ. ಢಾಕಾದಲ್ಲಿ ನಡೆದ ವಧೆಗೆ ಬಳಕೆಯಾದ ಶಸ್ತ್ರಗಳಲ್ಲಿ ಅಮೆರಿಕ ಕೊಟ್ಟವೂ ಇದ್ದವು. ಅಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು 1971ರ ಏಪ್ರಿಲ್ 6ರಂದು ತಮ್ಮ ಸರ್ಕಾರದ ಮೌನವನ್ನು ಪ್ರತಿಭಟಿಸಿ ತಂತಿ ಕಳುಹಿಸಿದರು. ಫಲವಾಗಿ ಬ್ಲಡ್ ಅವರನ್ನೇ ಅಲ್ಲಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅನುಮೋದನವೆಂಬ ಶಬ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಶಸ್ತ್ರ ಕೊಟ್ಟವನೇ ತಡೆಯಬಲ್ಲ ಏಕೈಕ ಬಲಶಾಲಿಯಾಗಿದ್ದರೆ? ನಿನ್ನ ಕೈ ಕೊಳೆಯಾಗಿದೆ, ಆದ್ದರಿಂದ ಸಾಯುವವರನ್ನು ಮುಟ್ಟಬೇಡ ಎನ್ನಬೇಕೇ? ಹಾಗೆನ್ನುವುದು ಕ್ರೌರ್ಯ. ಹಿಂದಿನ ದೋಷ ಇಂದಿನ ಕರ್ತವ್ಯವನ್ನು ಅಳಿಸುವುದಿಲ್ಲ, ಹೆಚ್ಚಿಸುತ್ತದೆ. ಆದರೆ ಅದು ಒಂದು ಅಧಿಕಾರವನ್ನು ಖಂಡಿತವಾಗಿ ಕಿತ್ತುಕೊಳ್ಳುತ್ತದೆ. ಅಂತಹವನು ರಕ್ಷಿಸಲು ಹೋಗಬಹುದು, ನ್ಯಾಯಾಧೀಶನಾಗಿ ಕೂರಲಾರ. ಇಳಿದ ಅರಸನ ಜಾಗಕ್ಕೆ ಯಾರು ಬರಬೇಕು, ನೆಲದಡಿಯ ಎಣ್ಣೆ ಯಾರಿಗೆ ಸೇರಬೇಕು ಎಂದು ನಿರ್ಣಯಿಸುವ ಹಕ್ಕು ಅವನಿಗಿಲ್ಲ. ವಾಲ್ಜರ್ ಅವರ ಗ್ರಂಥದಲ್ಲಿ ಈ ಭೇದ ಸ್ಫುಟವಾಗಿಲ್ಲ.

ಇನ್ನು ಇದಕ್ಕಿಂತ ಕಠಿಣವಾದ ಪ್ರಶ್ನೆ. ಅಮೃತಚಂದ್ರ ಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಹಸ್ತಕ್ಷೇಪದ ತರ್ಕದ ಬೇರಿಗೇ ಕೈಹಾಕುತ್ತದೆ. ಒಂದು ಹಿಂಸ್ರ ಜೀವಿಯನ್ನು ಕೊಂದರೆ ಅನೇಕರು ಉಳಿಯುವರೆಂದು ಭಾವಿಸಿ ಅದನ್ನು ಕೊಲ್ಲಬಾರದೆಂದು ಅವರು ಸ್ಪಷ್ಟವಾಗಿ ವಿಧಿಸುತ್ತಾರೆ. ಬದುಕಿದ್ದರೆ ಇನ್ನೂ ಪಾಪ ಸಂಪಾದಿಸುವುದೆಂಬ ಕರುಣೆಯಿಂದ ಕೊಲ್ಲುವುದನ್ನೂ ಅವರು ನಿಷೇಧಿಸುತ್ತಾರೆ. ಈ ಶ್ಲೋಕಗಳು ಹುಲಿ, ಹಾವುಗಳಂತಹ ಪ್ರಾಣಿಗಳಿಗೆ ಮಾತ್ರ ಸಂಬಂಧಿಸಿದವು ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ಆದರೆ ನಿಷೇಧಿಸಲ್ಪಟ್ಟಿರುವುದು ಒಂದು ಆಲೋಚನಾಕ್ರಮ. ಒಂದು ಪ್ರಾಣವನ್ನು ಹಲವು ಪ್ರಾಣಗಳ ಎದುರಿಗಿಟ್ಟು ಅಂಗಡಿಯ ಲೆಕ್ಕದಂತೆ ಕೂಡಿ ಕಳೆಯುವ ಕ್ರಮ ಅದು. 2003ರಲ್ಲಿ ಕೇಳಿಬಂದುದು ಅದೇ ಲೆಕ್ಕ.

ಹಾಗಾದರೆ 1979ರ ಕಾಂಬೋಡಿಯಾಕ್ಕೆ ಏನು ಹೇಳಬೇಕು? ಖ್ಮೇರ್ ರೂಜ್ ಪಕ್ಷ 1975ರ ಏಪ್ರಿಲ್ 17ರಂದು ರಾಜಧಾನಿ ನೋಮ್‌ಪೆನ್‌ಅನ್ನು ವಶಪಡಿಸಿಕೊಂಡಿತು. ಮುಂದಿನ ನಾಲ್ಕು ವರ್ಷಗಳೊಳಗೆ ಸುಮಾರು 15ರಿಂದ 20 ಲಕ್ಷ ಜನ ಹಸಿವು, ದುಡಿಮೆ, ರೋಗ ಮತ್ತು ಕೊಲೆಗಳಿಂದ ಸತ್ತರು. ವಿಯೆಟ್ನಾಂ ಸೈನ್ಯ 1978ರ ಡಿಸೆಂಬರ್ 25ರಂದು ಒಳನುಗ್ಗಿ 1979ರ ಜನವರಿ 7ರಂದು ರಾಜಧಾನಿಯನ್ನು ತಲುಪಿತು. ಪ್ರೌಢಶಾಲೆಯೊಂದನ್ನು ಚಿತ್ರಹಿಂಸೆಯ ಸೆರೆಮನೆಯಾಗಿ ಮಾಡಿದ್ದ ತೂಲ್ ಸ್ಲೆಂಗ್ ಆಗ ಹೊರಜಗತ್ತಿಗೆ ಕಂಡಿತು. ವಿಯೆಟ್ನಾಂ ಪರರನ್ನು ರಕ್ಷಿಸಲು ಬಂದೆನೆಂದು ಹೇಳಿಕೊಳ್ಳಲೂ ಇಲ್ಲ, ತನ್ನ ಗಡಿಯ ಹಳ್ಳಿಗಳ ಮೇಲೆ ನಡೆದ ದಾಳಿಗಳನ್ನೇ ಕಾರಣವಾಗಿ ಕೊಟ್ಟಿತು. ಆ ಕಾರಣ ಸುಳ್ಳೇನೂ ಆಗಿರಲಿಲ್ಲ. ಆದರೆ ಗಡಿ ರಕ್ಷಣೆಗೆ ರಾಜಧಾನಿಯವರೆಗೆ ಹೋಗಬೇಕಾಗಿರಲಿಲ್ಲ ಎಂಬುದೂ ನಿಜ. ಹೋಗದಿದ್ದರೆ ವಧೆ ನಿಲ್ಲುತ್ತಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ.

ಅಮೃತಚಂದ್ರರನ್ನು ಇಡಿಯಾಗಿ ಓದಿದರೆ ಒಂದು ದಾರಿ ಕಾಣುತ್ತದೆ. ಅದು ಸುಲಭದ ದಾರಿಯಲ್ಲ. ಹಿಂಸೆಯ ಫಲ ಕೃತ್ಯದ ಹೊರ ಆಕಾರವನ್ನಲ್ಲ, ಭಾವವನ್ನು ಅನುಸರಿಸುತ್ತದೆಂದು ಅದೇ ಗ್ರಂಥ ವಿಸ್ತಾರವಾಗಿ ನಿರೂಪಿಸುತ್ತದೆ. ಒಬ್ಬನು ಮಾಡಿದ ಹಿಂಸೆಯ ಫಲವನ್ನು ಹಲವರು ಉಣ್ಣುವುದುಂಟು, ಹಲವರು ಮಾಡಿದ ಹಿಂಸೆಯ ಫಲ ಒಬ್ಬನಿಗೇ ಸೇರುವುದುಂಟು. ರಾಜಾಜ್ಞೆಯಿಂದ ನಡೆಯುವ ಯುದ್ಧಕ್ಕೆ ಇದಕ್ಕಿಂತ ನಿಖರವಾದ ವಿವರಣೆ ವಾಲ್ಜರ್ ಅವರಲ್ಲೂ ಇಲ್ಲ. ಇಲ್ಲಿ ಹಿಂಸೆಗೆ ‘ನ್ಯಾಯ’ವೆಂಬ ಮುದ್ರೆ ಬೀಳುವುದಿಲ್ಲ. ವಾಲ್ಜರ್ ಅವರ ‘ನ್ಯಾಯಯುದ್ಧ’ ಎಂಬ ಸಮಸ್ತಪದವನ್ನೇ ಶ್ರಾವಕಾಚಾರ ಒಪ್ಪಲಾರದು. ಗೃಹಸ್ಥನು ಅನಿವಾರ್ಯವಾಗಿ ಮಾಡುವ ಹಿಂಸೆಯೂ ಹಿಂಸೆಯೇ, ಅದಕ್ಕೆ ಪ್ರಾಯಶ್ಚಿತ್ತ ಉಂಟೇ ಹೊರತು ವಿಜಯೋತ್ಸವ ಇಲ್ಲ. ಈ ಭೇದ ಕೇವಲ ಶಬ್ದಗಳದ್ದಲ್ಲ. ತಾನು ಮಾಡಿದ್ದು ನ್ಯಾಯವೆಂದು ನಂಬಿದ ಸೈನ್ಯ ಅಲ್ಲಿಯೇ ಉಳಿಯುತ್ತದೆ, ಅನಿವಾರ್ಯವಾದ ದೋಷವೆಂದು ತಿಳಿದ ಸೈನ್ಯ ಹಿಂದಿರುಗಲು ಅವಸರಪಡುತ್ತದೆ. 1972ರ ಮಾರ್ಚ್ ಮತ್ತು 1834ರ ಮೇ ತಿಂಗಳುಗಳ ನಡುವಿನ ಅಂತರ ಇದು.

ಹಿಂದಿರುಗುವುದೂ ಅಷ್ಟು ಸರಳವಲ್ಲ. ಉಗಾಂಡಾದ ಈದಿ ಅಮೀನ್ 1971ರ ಜನವರಿಯಲ್ಲಿ ಅಧಿಕಾರ ಕಸಿದಾಗ ಬ್ರಿಟನ್ ಬೇಗನೆ ಮಾನ್ಯತೆ ನೀಡಿತ್ತು. ಮರುವರ್ಷವೇ ಅವನು ಗುಜರಾತಿ ಮೂಲದವರೇ ಹೆಚ್ಚಾಗಿದ್ದ ಏಷ್ಯನ್ನರನ್ನು 90 ದಿನಗಳ ಗಡುವಿನಲ್ಲಿ ದೇಶದಿಂದ ಹೊರಹಾಕಿದ. 1978ರಲ್ಲಿ ಅವನ ಸೈನ್ಯ ಟಾಂಜಾನಿಯಾದ ಕಗೇರಾ ಪ್ರದೇಶವನ್ನು ಆಕ್ರಮಿಸಿತು. ಅಧ್ಯಕ್ಷ ನೈರೇರೆ ಆ ಸೈನ್ಯವನ್ನು ಗಡಿಯಾಚೆ ಅಟ್ಟಿದ ಮೇಲೂ ನಿಲ್ಲಲಿಲ್ಲ, 1979ರ ಏಪ್ರಿಲ್ 11ರಂದು ಕಂಪಾಲಾ ಅವರ ವಶವಾಯಿತು. ಅಮೀನ್ ಓಡಿಹೋದ. ಆದರೆ 1980ರ ವಿವಾದಾಸ್ಪದ ಚುನಾವಣೆಯಿಂದ ಮತ್ತೆ ಅಧಿಕಾರಕ್ಕೆ ಬಂದ ಒಬೋಟೆಯ ಕಾಲದಲ್ಲಿ ಲುವೇರೋ ಪ್ರದೇಶದಲ್ಲಿ ನಡೆದ ಅಂತರ್ಯುದ್ಧ ಜನರನ್ನು ಮತ್ತೆ ಸಹಸ್ರಗಟ್ಟಲೆ ಬಲಿತೆಗೆದುಕೊಂಡಿತು. ಸರ್ವಾಧಿಕಾರಿ ಹೋದ, ಸರ್ವಾಧಿಕಾರ ಹೋಗಲಿಲ್ಲ. ಬಡ ದೇಶವಾದ ಟಾಂಜಾನಿಯಾ ಆ ಯುದ್ಧದ ಖರ್ಚನ್ನು ವರ್ಷಗಟ್ಟಲೆ ಹೊತ್ತಿತು.

ಇರಾಕಿನಲ್ಲಿ ಮರುದಿನದ ಹೊಣೆಗೇಡಿತನ ಇನ್ನೂ ಢಾಳಾಗಿ ಕಂಡಿತು. ಬಾಗ್ದಾದ್ 2003ರ ಏಪ್ರಿಲ್ 9ರಂದು ಬಿದ್ದೊಡನೆ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೂರೆಯಾಯಿತು, ತಡೆಯಲು ಸೈನಿಕರಿರಲಿಲ್ಲ. ಮೇ ತಿಂಗಳಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಎರಡು ಆಜ್ಞೆಗಳನ್ನು ಹೊರಡಿಸಿದರು. ಒಂದು ಬಾಥ್ ಪಕ್ಷದ ಮೇಲಿನ ಶ್ರೇಣಿಯವರನ್ನು ಸರ್ಕಾರಿ ನೌಕರಿಯಿಂದ ತೆಗೆಯಿತು, ಇನ್ನೊಂದು ಇಡೀ ಸೈನ್ಯವನ್ನು ವಿಸರ್ಜಿಸಿತು. ಲಕ್ಷಾಂತರ ಶಸ್ತ್ರಧಾರಿಗಳು ಒಂದೇ ವಾರದಲ್ಲಿ ನಿರುದ್ಯೋಗಿಗಳಾದರು. ಮುಂದಿನ ವರ್ಷಗಳಲ್ಲಿ ಹಿಂಸೆಗೆ ಬಲಿಯಾದ ನಾಗರಿಕರ ದಾಖಲಾದ ಸಂಖ್ಯೆಯೇ ಒಂದು ಲಕ್ಷವನ್ನು ಮೀರಿತು. ಸದ್ದಾಂನನ್ನು 2006ರ ಡಿಸೆಂಬರ್ 30ರಂದು ಗಲ್ಲಿಗೇರಿಸಿದಾಗ ಅನ್ಫಾಲ್ ಮೊಕದ್ದಮೆಯ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಕುರ್ದರಿಗೆ ಸಲ್ಲಬೇಕಾಗಿದ್ದ ಉತ್ತರ ಅವನೊಂದಿಗೇ ಹೋಯಿತು. ಲಿಬಿಯಾದ ಕಥೆಯೂ ಹೆಚ್ಚು ಬೇರೆಯಲ್ಲ. ನಾಗರಿಕರ ರಕ್ಷಣೆಗೆಂದು 2011ರ ಮಾರ್ಚ್ 17ರಂದು ಭದ್ರತಾ ಮಂಡಳಿ ಮಾಡಿದ ನಿರ್ಣಯ ಅಕ್ಟೋಬರ್ ವೇಳೆಗೆ ಗದ್ದಾಫಿಯ ಪತನದಲ್ಲಿ ಮುಗಿಯಿತು, ದೇಶ ಎರಡು ಸರ್ಕಾರಗಳ ನಡುವೆ ಹರಿದುಹೋಯಿತು. ಆ ನಿರ್ಣಯಕ್ಕೆ ಮತ ನೀಡದೆ ದೂರ ಉಳಿದ ಐದು ರಾಷ್ಟ್ರಗಳಲ್ಲಿ ಭಾರತವೂ ಒಂದು.

ಗ್ರಂಥದ ನಾಲ್ಕನೆಯ ಆವೃತ್ತಿಗೆ 2006ರಲ್ಲಿ ಬರೆದ ಮುನ್ನುಡಿಯಲ್ಲಿ ವಾಲ್ಜರ್ ಯುದ್ಧಕ್ಕಿಂತ ಕಡಿಮೆಯಾದ ಬಲಪ್ರಯೋಗದ ಮಾರ್ಗವನ್ನು ಸೂಚಿಸುತ್ತಾರೆ. ವಿಮಾನ ಹಾರಾಟದ ನಿಷೇಧ, ಆರ್ಥಿಕ ನಿರ್ಬಂಧ ಮೊದಲಾದವು ಇದರಲ್ಲಿ ಸೇರುತ್ತವೆ. 1991ರಿಂದ ಉತ್ತರ ಇರಾಕಿನ ಮೇಲಿದ್ದ ಹಾರಾಟ ನಿಷೇಧದ ಆಶ್ರಯದಲ್ಲಿ ಕುರ್ದರು ತಮ್ಮ ಆಡಳಿತವನ್ನು ತಾವೇ ಕಟ್ಟಿಕೊಂಡರು ಎಂಬುದು ಈ ವಾದಕ್ಕೆ ಒಳ್ಳೆಯ ಆಧಾರ. ನಿರ್ಬಂಧಗಳ ವಿಷಯದಲ್ಲಿ ಮಾತ್ರ ಅವರ ಉತ್ತರ ತೃಪ್ತಿಕರವಲ್ಲ. 1990ರಿಂದ ಇರಾಕಿನ ಮೇಲೆ ಹೇರಿದ ನಿರ್ಬಂಧಗಳು ಅರಮನೆಯನ್ನು ತಟ್ಟಲಿಲ್ಲ, ಆಸ್ಪತ್ರೆಗಳನ್ನು ತಟ್ಟಿದವು. ಅಲ್ಲಿ ವಿಶ್ವಸಂಸ್ಥೆಯ ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ಸ್ಥಾನಕ್ಕೆ ಬಂದ ಹಾನ್ಸ್ ವಾನ್ ಸ್ಪೋನೆಕ್ 2000ದಲ್ಲಿ ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ರಕ್ತ ಕಾಣದಿದ್ದ ಮಾತ್ರಕ್ಕೆ ಅದು ಅಹಿಂಸೆಯಾಗುವುದಿಲ್ಲ. ಅಹಿಂಸಾವ್ರತದ ಅತಿಚಾರಗಳ ಪಟ್ಟಿಯಲ್ಲಿ ಅನ್ನಪಾನಗಳನ್ನು ತಡೆಯುವುದೂ ಒಂದೆಂಬುದನ್ನು ತತ್ತ್ವಾರ್ಥಸೂತ್ರ ಓದಿದವರು ಬಲ್ಲರು. ವಾಲ್ಜರ್ ಅವರಂತಹ ಸೂಕ್ಷ್ಮ ಚಿಂತಕರು ಇಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕಾಗಿತ್ತು.

ಇಷ್ಟಾದರೂ ಈ ವಿಷಯದಲ್ಲಿ ಚಿಂತಿಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದ ಗ್ರಂಥ ಇದೇ. ಸರ್ವಾಧಿಕಾರಿಯನ್ನು ಇಳಿಸುವುದೇ ಯುದ್ಧಕ್ಕೆ ಸಾಕಾದ ಕಾರಣವೆಂಬ ವಾದವನ್ನು ಇದು ಯುಕ್ತಿಬದ್ಧವಾಗಿ ನಿರಾಕರಿಸುತ್ತದೆ. ನಡೆಯುತ್ತಿರುವ ವಧೆಯ ಎದುರು ಕೈಕಟ್ಟಿ ಕೂರುವುದನ್ನೂ ಅಷ್ಟೇ ಬಲವಾಗಿ ನಿರಾಕರಿಸುತ್ತದೆ. ಅದರ ಲೆಕ್ಕದ ಪುಸ್ತಕ ತಡವಾಗಿ ತೆರೆದು ಬೇಗ ಮುಚ್ಚುತ್ತದೆ ಎಂಬುದೇ ಆಕ್ಷೇಪ, ಮತ್ತು ಆ ಕೊರತೆ ಅದೊಂದರದೇ ಅಲ್ಲ. ಜಗತ್ತಿನ ನ್ಯಾಯವ್ಯವಸ್ಥೆಯೂ ಅದೇ ಲೆಕ್ಕದಲ್ಲಿ ನಡೆಯುತ್ತದೆ.

ಕಾಂಬೋಡಿಯಾದಿಂದ ಓಡಿಸಲ್ಪಟ್ಟ ಖ್ಮೇರ್ ರೂಜ್ ಪಕ್ಷದ ಪ್ರತಿನಿಧಿಯೇ 1979ರ ನಂತರವೂ ವರ್ಷಗಳ ಕಾಲ ವಿಶ್ವಸಂಸ್ಥೆಯಲ್ಲಿ ಆ ದೇಶದ ಆಸನದಲ್ಲಿ ಕೂತಿದ್ದ. ಚೀನಾ ಆ ಪಕ್ಷಕ್ಕೆ ಶಸ್ತ್ರ ಒದಗಿಸಿತು, ಪಾಶ್ಚಾತ್ಯ ರಾಷ್ಟ್ರಗಳು ಮತ ಒದಗಿಸಿದವು. ವಧೆಯನ್ನು ನಿಲ್ಲಿಸಿದ ವಿಯೆಟ್ನಾಂ 1989ರವರೆಗೆ ಅಲ್ಲಿಯೇ ಉಳಿಯಿತು. ಭಾರತ 1980ರಲ್ಲೇ ಹೊಸ ಸರ್ಕಾರವನ್ನು ಮಾನ್ಯಮಾಡಿದ ಕೆಲವೇ ದೇಶಗಳಲ್ಲಿ ಒಂದಾಗಿತ್ತು. ಕೊನೆಗೆ ವಿಶ್ವಸಂಸ್ಥೆಯ ನೆರವಿನಿಂದ ನೋಮ್‌ಪೆನ್‌ನಲ್ಲಿ ವಿಶೇಷ ನ್ಯಾಯಾಲಯ ಸ್ಥಾಪನೆಯಾಗಿ, ಅದರ ಕೊನೆಯ ಮೇಲ್ಮನವಿ ತೀರ್ಪು 2022ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಆ ನ್ಯಾಯಾಲಯದ ಕಾನೂನು ಅದರ ಅಧಿಕಾರವ್ಯಾಪ್ತಿಯನ್ನು ದಿನಾಂಕಗಳಿಂದ ಬಂಧಿಸಿತ್ತು. 1975ರ ಏಪ್ರಿಲ್ 17ರಿಂದ 1979ರ ಜನವರಿ 6ರವರೆಗೆ ನಡೆದುದನ್ನು ಮಾತ್ರ ಅದು ವಿಚಾರಿಸಬಹುದಾಗಿತ್ತು. ಅದಕ್ಕೆ ಮುಂಚೆ ಆ ನೆಲದ ಮೇಲೆ ಬಾಂಬು ಸುರಿಸಿದವರೂ ಆಮೇಲೆ ಆ ಕೊಲೆಗಡುಕರಿಗೆ ಶಸ್ತ್ರ ಕೊಟ್ಟವರೂ ಈ ದಿನಾಂಕಗಳ ಹೊರಗೆ ಉಳಿದರು.